ಮೊಳೆ ಕೀಳುವ ಕೆಲಸ

ಹಲೋ... ಹಲೋ? ಯಾರು ಮಾತಾಡೋದು?... ಯಾವ ಹೆಫಿನ್? ಮಾಂಸದಂಗಡಿ ಹೆಫಿನ್ನಾ, ರೈಲು ಹೆಫಿನ್ನಾ?

...ಹಾಂ, ರೈಲು ಹೆಫಿನ್. ಹೇಳಪ್ಪಾ. ನಾನೇ, ಮೆರೆರಿದ್, ಮಾತಾಡ್ತಿರೋದು. ಈ ಮನೇಲಿ ಇನ್ಯಾರಿದ್ದಾರೆ ಈಗ?

...ಹೂಂ, ಸೋಮವಾರ ಮಣ್ಣು ಮಾಡುವಾಗ ನೋಡಿದೆ ನಿನ್ನ. ಎಲ್ಲರಿಗಿಂತ ಜೋರಾಗಿ ಹಾಡ್ತಿದ್ದೆ. ನಮ್ಮ ಇದ್ವಾಲ್ ಶವಪೆಟ್ಟಿಗೆಯಿಂದ ಎದ್ದು ಶ್ರುತಿ ಸರಿ ಮಾಡ್ತಾನೇನೋ ಅಂದ್ಕೊಂಡೆ.

...ಊಟಾನಾ? ಚಾಪೆಲ್‌ನವರೆಲ್ಲ ಬಾರಾ ಬ್ರಿಥ್ ಬೇಯಿಸಿ ತಂದಿದ್ದಾರೆ. ಗಂಡ ಸತ್ತರೆ ದ್ರಾಕ್ಷಿ ಹಾಕಿದ ಬ್ರೆಡ್ಡೇ ಮದ್ದು ಅಂತ ಈ ಊರಲ್ಲಿ ಯಾರು ಕಂಡುಹಿಡಿದರೋ. ತಿಂತೀನಿ. ರುಚಿ ಗೊತ್ತಾಗಲ್ಲ, ಅಷ್ಟೇ.

...ಇಲ್ಲ, ಅಳು ಬಂದಿಲ್ಲ. ಬರುತ್ತೆ ಅಂತಾರೆ ಎಲ್ಲಾರೂ. ನಮ್ಮೂರಿನ ಬಸ್ಸೂ ಬರುತ್ತೆ ಅಂತಾರೆ.

...ಏನು? ಶನಿವಾರನಾ?... ಓ, ನಿಮ್ಮ ರೈಲು ಸಂಘದ ಪ್ರದರ್ಶನ. ಇದ್ವಾಲ್ ಮೇಜಿನ ಮೇಲೆ ಕಟ್ಟಿದ ಪುಟ್ಟ ರೈಲು ಬೇಕು, ಅಲ್ವಾ? ತಗೊಂಡು ಹೋಗು. ಗಣಿ, ಬೆಟ್ಟ, ಬಂದರು, ಇಡೀ ಮೇಜೇ ತಗೊಂಡು ಹೋಗು. ನನಗೇನು.

...ಮೋಟಾರಾ? ಯಾವ ಮೋಟಾರು?... ಕೊನೇ ಗಾಡಿಯೊಳಗೆ ಬಚ್ಚಿಡೋದಾ? ಅಲ್ವೋ, ನಮ್ಮೂರ ಸ್ಲೇಟುಕಲ್ಲಿನ ಗಾಡಿಗಳು ಕೆಳಗಿಳಿಯೋವಾಗ ಯಾವತ್ತಾದ್ರೂ ಇಂಜಿನ್ ಇತ್ತಾ? ನಿಮ್ಮಜ್ಜನೇ ಬ್ರೇಕಿನವನಾಗಿದ್ದ. ಗಣಿಯಿಂದ ಬಂದರಿನ ತನಕ ಇಳಿಜಾರೇ ಎಳ್ಕೊಂಡು ಬರೋದು, ಅವನು ಮೇಲೆ ಕೂತು ಬ್ರೇಕು ಹಿಡಿಯೋದು. ಅದಕ್ಕೇ ತಾನೇ ಇದ್ವಾಲ್ ಮೇಜನ್ನೇ ಓರೆಯಾಗಿ ಕಟ್ಟಿದ್ದು... ಹೂಂ, ಟೀ ಕಪ್ಪು ಇಟ್ಟರೂ ಸಮುದ್ರದ ಕಡೆ ಹೊರಡ್ತಿತ್ತು.

...ಇರ್ಲಿ ಬಿಡು. ಹಾಕೋದಾದ್ರೆ ಹಾಕು. ಸತ್ತವನು ಬಂದು ನೋಡ್ತಾನಾ.

...ನಾವಾ? ಇಬ್ರೂ ಸೇರಿ ಓಡಿಸ್ತಿದ್ವಿ. ಮೇಲ್ಗಡೆ, ಗಣಿ ಹತ್ರ, ತಡೆಮೊಳೆ ಕೀಳೋದು ನಾನು. ಕಿತ್ತು ‘ಬಿಟ್ಟೆ’ ಅಂತಿದ್ದೆ. ಅವನು ಬಂದರಿನ ತುದೀಲಿ ಬ್ರೇಕಿನ ಸನ್ನೆಕೋಲು ಹಿಡ್ಕೊಂಡು ‘ಬರ್ಲಿ’ ಅಂತಿದ್ದ. ಸನ್ನೆ ಒತ್ತಿದ್ರೆ ಹಳಿ ನಡುವೆ ಬ್ರಶ್ಶು ಎದ್ದು ಗಾಲಿ ಹಿಡಿಯುತ್ತೆ. ಮಿಕ್ಕ ಮಾತು ನಮ್ಮಲ್ಲಿ ಕಮ್ಮೀನೇ.

...ಇಲ್ಲ, ಆ ರೂಮಿಗೆ ಹೋಗಿಲ್ಲ... ಈಗ್ಲೇನಾ? ಗಾಡಿಗಳನ್ನ ಡಬ್ಬಿಗೆ ತುಂಬಬೇಕಾ? ಸರಿ, ಫೋನ್ ಹಿಡ್ಕೊಂಡೇ ಹೋಗ್ತೀನಿ. ನೀನು ಮಾತಾಡ್ತಿರು.

...ಹಾಂ, ಬಂದೆ. ಅಂಟಿನ ವಾಸನೆ ಹಾಗೇ ಇದೆ... ಗಾಡಿಯೆಲ್ಲಾ ಗಣಿ ಹತ್ರಾನೇ ನಿಂತಿದೆ, ಹೆಫಿನ್. ಕಲ್ಲು ತುಂಬಿಸಿ ಸಾಲಾಗಿ ಜೋಡಿಸಿದ್ದಾನೆ. ಆವತ್ತು ಟೀ ಕುಡಿದಾದ್ಮೇಲೆ ಗಾಡಿ ಬಿಡೋಣ ಅಂದಿದ್ದ. ಟೀಗೇ ಬರ್ಲಿಲ್ಲ.

...ಹೂಂ, ನಿಜವಾದ ಸ್ಲೇಟೇ. ಗಣಿ ರಾಶಿಯಿಂದ ಚೂರು ತಂದು, ಬ್ಲೇಡಲ್ಲಿ ಸೀಳಿ ಸೀಳಿ... ಉಗುರಿಗಿಂತ ಚಿಕ್ಕದು.

...ಯಾವುದನ್ನ ಮೊದಲು ಎತ್ಲಿ? ಮುಂದಿನದಾ?... ಬರ್ತಿಲ್ಲ ಕಣೋ, ಮೊಳೆ ಅಡ್ಡ ಇದೆ. ತಡಿ, ಮೊಳೆ ಕಿತ್ತು... ಬಿಟ್ಟೆ.

...

...

...ಅಯ್ಯೋ. ನಿನಗಲ್ಲ ನಾನು ಹೇಳಿದ್ದು. ಹೆಫಿನ್, ಹೊರಟೇಬಿಡ್ತು!... ಕೈ ಹಾಕಿದ್ರೆ ಹಳಿ ತಪ್ಪುತ್ತೆ, ದಡ್ಡ! ಸೇತುವೆ ದಾಟ್ತು. ಬಂದರಲ್ಲಿ ಯಾರೂ ಇಲ್ವಲ್ಲೋ, ಅದರಾಚೆ ಬರೀ ನೆಲ...

...ಇರು, ಇರು, ಹೋಗ್ತಿದೀನಿ. ಹಾಳಾದ ಕುರ್ಚಿ! ಸನ್ನೆ ಸಿಕ್ತು... ಎಷ್ಟು ಬಿಗಿ ಇದೆಯೋ ಇದು, ಒಂದು ಕೈ ಸಾಲಲ್ಲ... ಮೋಟಾರು ಬೇಡ, ಕೇಳಿಸ್ತಾ? ಶನಿವಾರ ಈ ತುದೀಲಿ ನಾನೇ ನಿಲ್ತೀನಿ. ಮೊಳೆ ಕೀಳೋಕೆ ನೀನು ಬಾ... ಆಮೇಲೆ ಹೇಳು ಅದೆಲ್ಲಾ! ಚಾಪೆಲ್ ತಿರುವಿಗೆ ಬಂತು, ಎರಡೂ ಕೈ ಬೇಕು, ಫೋನ್ ಕೆಳಗೆ ಹಾಕ್ತೀನಿ... ಹಾಂ, ಬರ್ಲಿ, ಬರ್ಲ—