ಕಮಿಷನ್ ಇಲ್ಲದ ಕೌಂಟರು

"ಹಲೋ… ಹಲೋ, ಯಾರು ಮಾತಾಡೋದು? ಹೂ ಈಸ್ ಸ್ಪೀಕಿಂಗ್? ರೂಮ್? ಯೆಸ್ ಯೆಸ್, ಫ್ಯಾನ್ ರೂಮ್, ಎಸಿ ರೂಮ್, ಎವ್ರಿಥಿಂಗ್…"

"… ಹಾಂ? ಕನ್ನಡದೋರಾ? … ಅಯ್ಯ, ನೀವಾ. ಇದ್ಯಾರ ನಂಬರ್ರೀ? ಫಾರಿನ್ ನಂಬರ್ ನೋಡಿ ಯಾರೋ ಬುಕಿಂಗಿನೋರು ಅನ್ಕೊಂಡೆ. ಇಂಗ್ಲಿಷೆಲ್ಲ ದಂಡ ಆತು."

ಹಂಪಿಯ ಗೆಸ್ಟ್ ಹೌಸೊಂದರಲ್ಲಿ ಮ್ಯಾನೇಜರಾಗಿದ್ದ ರೇಣುಕಾದೇವಿ ಮುಂದಿದ್ದ ದಪ್ಪ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡಳು. ಆ ಕಡೆ ಇದ್ದವನು ಅವಳ ಗಂಡ ಪರಶುರಾಮ. ಸಂಡೂರಿನ ಗಣಿಗಳಲ್ಲಿ ಹತ್ತು ವರ್ಷ ಹಿಟಾಚಿ ಓಡಿಸಿದವನು ಈಗ ಒಂದೂವರೆ ವರ್ಷದಿಂದ ಒಮಾನಿನ ಕಲ್ಲು ಕ್ವಾರಿಯೊಂದರಲ್ಲಿ ಅದೇ ಕೆಲಸ ಮಾಡುತ್ತಿದ್ದ. ಶುಕ್ರವಾರ ಅಲ್ಲಿ ರಜೆ, ಹಾಗಾಗಿ ಫೋನೂ ಅವತ್ತೇ. ಆದರೆ ಈ ಶುಕ್ರವಾರದ ಫೋನಿಗೆ ಅವಳು ಬುಧವಾರದಿಂದಲೇ ಕಾದು ಕುಳಿತಿದ್ದಳು. ಗೆಸ್ಟುಗಳ ಹೆಸರು ಬರೆಯುವ ರಿಜಿಸ್ಟರಿನ ಕೊನೆಯ ಪುಟದಲ್ಲಿ ಒಂದಿಷ್ಟು ಲೆಕ್ಕ ಬರೆದಿಟ್ಟಿದ್ದಳು.

"… ಹಾಂ, ಊಟ ಆತು. ನಿಮ್ದು? … ಮೀನಾ? ಜೋರದೀರಿ ಬಿಡ್ರಿ. ನಿಮ್ಮ ಫೋನಿಗೇನಾತು? … ಬ್ಯಾಲೆನ್ಸ್ ಖಾಲಿ. ಮತ್ತ ಇದು ಯಾರದು? … ಕಂಪ್ಲಿ ಕನಕರಾಜಂದಾ? ಅಂವ ಬಾಜೂಕ ಅದಾನ? … ಸ್ವಲ್ಪ ಆಕಡಿ ಕಳಸ್ರಿ. ಮಾತಿನ್ಯಾಗ ಅಂವನ ಹೆಸರೂ ಬರ್ತತಿ."

"… ರೊಕ್ಕನಾ? ಬಂತು ಬಂತು. ಬುಧವಾರನೇ ಬಂತು. ಇಪ್ಪತ್ತೆಂಟು ಸಾವಿರದ ಏಳುನೂರಾ ಮೂವತ್ತು. ನೀವು ಹಾಕಿದ್ದೆಷ್ಟು? … ನೂರೈವತ್ತು ರಿಯಾಲು, ಅಲ್ವಾ? ಇನ್ನೊಮ್ಮೆ ಹೇಳ್ರಿ, ಬರ್ಕೊಳ್ತೀನಿ. … ನೂರೈವತ್ತು. ಹಾಂ."

"… ಉಳಿದಿದ್ದು ಚಾರ್ಜ್ ಕಟ್ಟಾತು. ಗೊತ್ತೈತಿ, ಗೊತ್ತೈತಿ. ಅಲ್ಲೊಂದು ಟ್ಯಾಕ್ಸು, ಇಲ್ಲೊಂದು ಟ್ಯಾಕ್ಸು, ನಡುವ ಸಮುದ್ರ ದಾಟಾಕ ಇನ್ನೊಂದು ಟ್ಯಾಕ್ಸು. ಹದಿನಾಲ್ಕು ತಿಂಗಳಿಂದ ಕೇಳಾಕತ್ತೀನಿ. ಈ ಸಲ ಯಾವ ಅಂಗಡ್ಯಾಗ ಹಾಕೀರಿ? … ಅದೇ. ಕ್ಯಾಂಪಿನ ಮುಂದಿಂದು. ಕಮಿಷನ್ ಇಲ್ಲ ಅಂತ ದೊಡ್ಡ ಬೋರ್ಡ್ ಹಾಕ್ಯಾರಲ್ಲ, ರೊಕ್ಕ ಹಾಕಿದೋರಿಗೆಲ್ಲ ನಿಂಬಿ ಶರಬತ್ ಕೊಡ್ತಾರಂತಲ್ಲ, ಅದು."

"… ಅಲ್ರೀ, ಹೊಸಪೇಟಿ ಬಸ್ ಸ್ಟ್ಯಾಂಡಿನ್ಯಾಗ ಆಟೋದೋರು ಫಾರಿನ್ನೋರಿಗೆ ಏನಂತಾರ? ಹಂಪಿಗೆ ಐವತ್ತೇ ರೂಪಾಯಿ, ಕುಂದ್ರಿ ಅಂತಾರ. ಕುಂತ ಮ್ಯಾಲ ನಾಲ್ಕು ಅಂಗಡಿ ಸುತ್ತಿಸಿ, ಎರಡು ಸಾವಿರ ರೂಪಾಯಿದೊಂದು ಕಲ್ಲಿನ ಆನಿ ಕೊಡಿಸಿ, ಆಮ್ಯಾಲ ಇಳಸ್ತಾರ. ಕಮಿಷನ್ ಇಲ್ಲ ಅಂದೋನು ರೇಟಿನ್ಯಾಗ ತಿಂತಾನ. ಇದೇ ಊರಾಗ ಹುಟ್ಟಿ ಬೆಳೆದು ಅಷ್ಟೂ ತಿಳೀಲಿಲ್ಲಾ ನಿಮಗ? … ಶರಬತ್ ಭಾಳ ತಂಪಿರ್ತತಿ. ಸರಿ, ಸರಿ."

"… ನನಗ್ಯಾರು ಹೇಳಬೇಕು? ಒಂಬತ್ತನೇ ರೂಮಿನಾಕಿ ಹೇಳಿದ್ಲು. ಹಾಲೆಂಡಿನ ಮುದುಕಿ. ಬಾಡಿಗ್ಯಾಗ ನೂರು ರೂಪಾಯಿ ಇಳಸಾಕ ನನ್ನ ಕೂಡ ಮೂರು ದಿನ ಜಗಳಾಡಿದಾಕಿ, ಅಕಿಗೆ ತಿಳೀದೇ ಇರ್ತತಾ? ಚಾರ್ಜ್ ಎಷ್ಟಂತ ಕೇಳಬ್ಯಾಡ, ಊರಿಗೆ ಮುಟ್ಟಿದ್ದೆಷ್ಟಂತ ಕೇಳು ಅಂದ್ಲು. ಅದಕ ಕೇಳಾಕತ್ತೀನಿ."

ರೇಣುಕಾದೇವಿ ಕೊನೆಯ ಪುಟ ತೆರೆದಳು. ಮೂರು ದಿನ ಗೆಸ್ಟುಗಳಿಗೆ ಚಹಾ ಕೊಡುವ ನೆಪದಲ್ಲಿ ಕೇಳಿ, ಫೋನಿನಲ್ಲಿ ಹುಡುಕಿ, ಬ್ಯಾಂಕಿನ ಕೌಂಟರಿನಲ್ಲಿ ಬೈಸಿಕೊಂಡು ಕೂಡಿಸಿದ ಅಂಕಿಗಳವು. ಓದುವ ಮುಂಚೆ ಗಂಟಲು ಸರಿಮಾಡಿಕೊಂಡಳು.

"… ಓದ್ಲಾ? ಬುಧವಾರದ ಲೆಕ್ಕ ಇದು. ರಿಯಾಲಿಗೆ ಖರೇ ರೇಟು ಇನ್ನೂರಾ ಇಪ್ಪತ್ತೈದು. ನೂರೈವತ್ತು ರಿಯಾಲು ಬ್ಯಾಂಕಿನ್ಯಾಗ ಹಾಕಿದ್ರ ಮೂರು ರಿಯಾಲು ಚಾರ್ಜ್ ಹಿಡಿದು, ರೇಟೂ ಇಳಿಸಿ, ಇಲ್ಲಿ ಮುಟ್ಟೋದು ಮೂವತ್ತೆರಡು ಸಾವಿರದ ಆರುನೂರು. ಎಲ್ಲಕ್ಕಿಂತ ತುಟ್ಟಿ ಅದು. ಫೋನಿನ ಆ್ಯಪಿನ್ಯಾಗ ಹಾಕಿದ್ರ ಒಂದು ರಿಯಾಲು ಹೋಗಿ ಮೂವತ್ಮೂರು ಸಾವಿರದ ಮುನ್ನೂರಾ ಎಪ್ಪತ್ತು. ನಿಮ್ಮ ಶರಬತ್ ಅಂಗಡ್ಯಾಗ ಚಾರ್ಜ್ ಸೊನ್ನಿ, ರೇಟು ಇನ್ನೂರಾ ಇಪ್ಪತ್ತೊಂದು. ಮೂವತ್ಮೂರು ಸಾವಿರದ ನೂರಾ ಐವತ್ತು."

"… ಅಂಥಾ ಮೋಸ ಏನಿಲ್ಲ ಅಂತೀರಾ? ನಾನೂ ಅದನ್ನೇ ಅಂತೀನಿ. ಆ ಶರಬತ್ತಿನ ಮಾರಾಯ ತಿಂದಿದ್ದು ಬರೇ ಆರುನೂರು ರೂಪಾಯಿ. ನನಗ ಅದರ ಮ್ಯಾಲ ನಾಲ್ಕು ಸಾವಿರದ ನಾನೂರಾ ಇಪ್ಪತ್ತು ಕಮ್ಮಿ ಬಂದೈತಿ. ಅದನ್ನ ತಿಂದೋನು ಯಾವ ಅಂಗಡಿಯೋನು?"

"… ಹಲೋ? ಅದೀರಾ? … ಗಾಳಿ ಸದ್ದಲ್ಲ ಅದು. ನೆಪ ಹೇಳಬ್ಯಾಡ್ರಿ."

"… ನಿನ್ನಿ ಕಂಪ್ಲಿಗೆ ಹೋಗಿದ್ದೆ. … ಹಾಂ, ಕನಕರಾಜನ ಹೆಂಡ್ತಿ ಹೊಳೆಮ್ಮನ ಮನಿಗೇ. ಅಂವನೂ ನೀವೂ ಒಂದೇ ದಿನ, ಒಂದೇ ಅಂಗಡಿ, ಒಂದೇ ಪಾಳ್ಯಾಗ ನಿಂತು ನೂರೈವತ್ತು ನೂರೈವತ್ತು ಹಾಕೀರಿ. ಅಕಿಗೆ ಮೂವತ್ಮೂರು ಸಾವಿರದ ನೂರಾ ಐವತ್ತು ಬಂದೈತಿ. ಪಾಸ್‌ಬುಕ್ ತಂದು ತೋರ್ಸಿದ್ಲು. ನಿಮ್ಮ ಸಮುದ್ರದ ಟ್ಯಾಕ್ಸು ಬರೇ ಹಂಪಿಗೆ ಬರೋ ರೊಕ್ಕಕ್ಕ ಐತಾ? ಕಂಪ್ಲಿಗೆ ಮಾಫಿನಾ?"

"… ಅಂವನ ಮ್ಯಾಲ ಯಾಕ ಸಿಟ್ಟು? ಹೆಂಡ್ತಿಗೆ ಖರೇ ಹೇಳಿದ್ದು ಅಂವಂದು ತಪ್ಪಾ? ನೀವೀಗ ಮಾತಾಡಾಕತ್ತಿದ್ದೂ ಅಂವನ ಫೋನಿನ್ಯಾಗ, ನೆಪ್ಪಿರ್ಲಿ."

"… ಆತು, ನಾನೇ ಹೇಳ್ತೀನಿ. ನನಗ ಬಂದಿದ್ದನ್ನ ಇನ್ನೂರಾ ಇಪ್ಪತ್ತೊಂದಕ್ಕ ಭಾಗ ಮಾಡಿದೆ. ನೂರಾ ಮೂವತ್ತು ಬಂತು. ಒಂದು ಪೈಸಾ ಹೆಚ್ಚಿಲ್ಲ, ಒಂದು ಪೈಸಾ ಕಮ್ಮಿ ಇಲ್ಲ. ಚಾರ್ಜು ಯಾವತ್ತಾರ ಹಿಂಗ ದುಂಡಗ ಇರ್ತತೇನ್ರೀ? ನೀವು ನನಗ ಹಾಕಿದ್ದೇ ನೂರಾ ಮೂವತ್ತು. ಉಳಿದ ಇಪ್ಪತ್ತು ಎಲ್ಲಿಗೆ ಹೋತು?"

ಇಷ್ಟು ಹೊತ್ತು ಅವಳ ದನಿಯಲ್ಲಿದ್ದ ಕುಚೋದ್ಯ ಈ ಪ್ರಶ್ನೆಯ ಹೊತ್ತಿಗೆ ಒಣಗಿಹೋಗಿತ್ತು. ಆ ಇಪ್ಪತ್ತು ರಿಯಾಲು ಎಲ್ಲೆಲ್ಲಿಗೆ ಹೋಗಿರಬಹುದು ಎಂದು ಅವಳು ಮೂರು ದಿನದಿಂದ ಎಣಿಸಿದ್ದಳು. ಎಣಿಸಿದ್ದರಲ್ಲಿ ಒಂದೂ ಒಳ್ಳೆಯದಿರಲಿಲ್ಲ.

"… ಇಸ್ಪೀಟಾ? … ಕುಡ್ಯಾಕತ್ತೀರಾ? … ಮತ್ತ ಯಾರರ ಅದಾರಾ ಅಲ್ಲಿ? … ನಗಬ್ಯಾಡ್ರಿ. ನಾನು ನಗಾಕತ್ತಿಲ್ಲ."

"… ಎಲ್ಲಿಗೆ? … ಬಂಡ್ರಿಗಾ? ಬಂಡ್ರ್ಯಾಗ ಯಾರಿಗೆ? … ನಿಮ್ಮ ಬಾಯ್ಲೇ ಹೆಸರು ಹೇಳ್ರಿ. … ಹೇಳ್ರಿ ಅಂದೆ."

ಮೂರು ವರ್ಷದಿಂದ ಆ ಹೆಸರು ಗಂಡ ಹೆಂಡತಿಯ ನಡುವೆ ಬಂದಿರಲಿಲ್ಲ. ಭೀಮವ್ವ, ಬಂಡ್ರಿಗೆ ಕೊಟ್ಟಿದ್ದ ಪರಶುರಾಮನ ಅಕ್ಕ. ಚಿತ್ತವಾಡ್ಗಿಯಲ್ಲಿ ರೇಣುಕಾದೇವಿಯ ತಂಗಿಯ ಮದುವೆ ನಡೆದಾಗ, ಊಟದ ಪಂಕ್ತಿಯಲ್ಲಿ ಕುಳಿತು, ತಮ್ಮನ ಹೆಂಡತಿ ಬಿಳಿ ಮಂದಿ ಮಲಗೆದ್ದ ಹಾಸಿಗೆ ಮಡಿಚಿ ಹೊಟ್ಟೆ ಹೊರೆಯುತ್ತಾಳೆ ಎಂದು ನಾಲ್ಕು ಜನ ಕೇಳುವಂತೆ ಹೇಳಿದವಳು. ಪಂಕ್ತಿಯಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ತುಪ್ಪ ಬಡಿಸುತ್ತಿದ್ದ ರೇಣುಕಾದೇವಿ ಸೌಟನ್ನು ಅಲ್ಲೇ ಪಾತ್ರೆಗೆ ಹಾಕಿ ಒಳಗೆ ಹೋಗಿದ್ದಳು. ನಮ್ಮ ಮನೆಯ ಒಂದು ರೂಪಾಯಿಯೂ ಇನ್ನು ಅವಳ ಹೊಸ್ತಿಲು ದಾಟಬಾರದು ಎಂದು ಅವತ್ತೇ ಗಂಡನಿಗೆ ಹೇಳಿದ್ದಳು. ಪರಶುರಾಮ ತಲೆಯಾಡಿಸಿದ್ದ. ಎಲ್ಲದಕ್ಕೂ ತಲೆಯಾಡಿಸುವವನು ಅವನು.

"… ಓಹೋ. ಅಕ್ಕಗ ಹಾಕೋ ರೊಕ್ಕಕ್ಕ ಚಾರ್ಜಿಲ್ಲೇನು? … ಎಷ್ಟು? ನೂರರ ಒಳಗಿದ್ರ ಎರಡು ರಿಯಾಲಾ? ಕಮಿಷನ್ ಇಲ್ಲದ ಕೌಂಟರಿನ್ಯಾಗಾ? … ಸಣ್ಣಕ್ಷರದಾಗ ಬರ್ದಿತ್ತು. ಇರ್ತತಿ, ಇರ್ತತಿ. ಇಪ್ಪತ್ತಕ್ಕ ಎರಡು. ಹದಿನಾಲ್ಕು ತಿಂಗಳಿಗೆ ಇಪ್ಪತ್ತೆಂಟು ರಿಯಾಲು. ಆರು ಸಾವಿರದ ಮ್ಯಾಲಾತು. ಹೆಂಡ್ತಿಗೆ ಗೊತ್ತಾಗಬಾರದು ಅನ್ನೋದಕ್ಕ ಆರು ಸಾವಿರ ಕೊಟ್ಟೀರಿ. ಬ್ಯಾಂಕಿಗಿಂತ ನೀವೇ ತುಟ್ಟಿ ಆದ್ರಲ್ರೀ."

"… ಇಲ್ಲ, ಈಗ ನೀವು ಕೇಳ್ರಿ. ಹೋದ ತಿಂಗಳು ಆ ಎರಡು ರೂಮು ಕೈ ತಪ್ಪಿದಾಗ ನಾನು ಫೋನಿನ್ಯಾಗ ಅತ್ತಿದ್ದು ನೆಪ್ಪೈತಾ? ಅವತ್ತು ನನಗ ಕಮ್ಮಿ ಬಿದ್ದಿದ್ದೆಷ್ಟು? … ಐವತ್ತೈದು ಸಾವಿರ. ಹದಿನಾಲ್ಕು ತಿಂಗಳು ನೀವು ತಡದಿದ್ದೆಷ್ಟು? … ಅರವತ್ತೊಂದು ಸಾವಿರ ಚಿಲ್ರಿ. ಅವತ್ತು ನೀವೇನಂದ್ರಿ? … ಹಣೆಬರಹ ಅಂದ್ರಿ. ನಿಮ್ಮ ಕೈಲೇ ಬರ್ದು ಹಣೆಬರಹ ಅಂದ್ರಿ."

ಆ ಎರಡು ರೂಮು ಹಿಂದಿನ ಓಣಿಯಲ್ಲಿದ್ದವು. ಮೂರು ಲಕ್ಷ ಮುಂಗಡ ಕೊಟ್ಟಿದ್ದರೆ ಐದು ವರ್ಷ ಅವಳೇ ನಡೆಸಬಹುದಿತ್ತು. ಬಾಗಿಲಿಗೆ ಯಾವ ಬಣ್ಣ ಎಂಬುದನ್ನೂ ಮನಸ್ಸಿನಲ್ಲಿ ತೀರ್ಮಾನಿಸಿಯಾಗಿತ್ತು. ಮಾಲೀಕ ಎರಡು ವಾರ ಕಾದು, ಆಮೇಲೆ ಪೂರ್ತಿ ದುಡ್ಡು ತಂದ ಇನ್ನೊಬ್ಬನಿಗೆ ಬೀಗದ ಕೈ ಕೊಟ್ಟಿದ್ದ.

"… ಅಂಥಾ ತ್ರಾಸು ಏನಾಗಿತ್ತು ನಿಮ್ಮ ಅಕ್ಕಗ? ಬಂಗಾರ ಮಾಡಿಸ್ಕೊಂಡ್ಲಾ? … ಅಕಿಗಲ್ಲಾ? ಮತ್ತ್ಯಾರಿಗೆ? … ಓಬಳಪ್ಪಣ್ಣಗಾ? ಏನಾತು? … ಯಾವಾಗ? … ಲಾರಿ ಹಿಂದಕ್ಕ ಬಂದು? …"

"… ಮೊಣಕಾಲಿನ ಕೆಳಗಾ? ಪೂರ್ತಿ ತೆಗದ್ರಾ?"

ಓಬಳಪ್ಪ ಭೀಮವ್ವನ ಗಂಡ. ಗಣಿಯಲ್ಲಿ ಅದಿರಿನ ಲಾರಿಗಳಿಗೆ ಕೈ ತೋರಿಸಿ ಜಾಗಕ್ಕೆ ನಿಲ್ಲಿಸುವುದು ಅವನ ಕೆಲಸ. ಮದುವೆಯ ದಿನ ಹೆಂಡತಿಯ ಮಾತು ಕೇಳಿ ಎಲೆ ಬಿಟ್ಟು ಎದ್ದವನು ಅವನೊಬ್ಬನೇ. ಅಡಿಗೆಮನೆಯ ಹಿಂದೆ ನಿಂತಿದ್ದ ರೇಣುಕಾದೇವಿಯನ್ನು ಹುಡುಕಿಕೊಂಡು ಬಂದು, "ತಂಗೀ, ಅಕಿ ಬಾಯಿ ಹಂಗ, ಮನಸಿಗೆ ಹಚ್ಚಿಕೋಬ್ಯಾಡ" ಎಂದಿದ್ದ. ತೊಳೆದಿರದ ಕೈಯಲ್ಲಿ ಅನ್ನದ ಅಗುಳು ಹಾಗೇ ಇತ್ತು. ಆ ಮನುಷ್ಯನ ಕಾಲು ಹೋಗಿ ಒಂದು ವರ್ಷದ ಮೇಲಾಗಿತ್ತು. ಹಂಪಿಗೂ ಬಂಡ್ರಿಗೂ ಮಹಾ ಎಷ್ಟು ದೂರ? ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಯಾರಿಗೂ ಧೈರ್ಯ ಬರದ ಹಾಗೆ ಅವಳೇ ಮಾಡಿಟ್ಟಿದ್ದಳು.

"… ಕಂಪನಿಯೋರು ಏನೂ ಕೊಡ್ಲಿಲ್ಲಾ? … ಕಾಂಟ್ರಾಕ್ಟ್ ಲೇಬರ್ ಅಂದ್ರಾ. … ಹಾಂ. … ಹಾಂ. … ಮತ್ತ ಮನಿ ಹೆಂಗ ನಡೀತತಿ? … ನಿಮ್ಮ ಅಕ್ಕ ಕೂಲಿಗೆ ಹೋಗ್ತಾಳಾ? ಆ ಮಂಡಿನೋವು ಇಟ್ಕೊಂಡಾ?"

"… ಹೇಳಿದ್ರ ನಾನೇನು ನುಂಗ್ತಿದ್ನಾ ನಿಮ್ಮನ್ನ? … ಹೌದು, ಬೈತಿದ್ದೆ. ಎರಡು ದಿನ ಬೈತಿದ್ದೆ. ಮೂರನೇ ದಿನ ಬಸ್ ಹತ್ತಿ ಹೋಗಿ ನೋಡ್ಕೊಂಡು ಬರ್ತಿದ್ದೆ. ಹದಿನಾರು ವರ್ಷ ಸಂಸಾರ ಮಾಡಿ ಅಷ್ಟೂ ಗುರ್ತು ಹತ್ತಲಿಲ್ಲ ನನ್ನದು? ರಿಯಾಲಿನ ರೇಟು ತಿಳೀಲಿಲ್ಲ ಸರಿ, ಹೆಂಡ್ತೀದೂ ತಿಳೀಲಿಲ್ಲಾ?"

ಒಂಬತ್ತನೇ ರೂಮಿನ ಮುದುಕಿ ಮೆಟ್ಟಿಲಿಳಿದು ಬಂದು ಸೈಕಲ್ಲಿನ ಕೀಲಿಗೆ ಕೈ ಚಾಚಿದಳು. ರೇಣುಕಾದೇವಿ ಕಣ್ಣೊರೆಸಿಕೊಳ್ಳದೆಯೇ ಕೀಲಿ ಕೊಟ್ಟಳು. ಮುದುಕಿ ಅದನ್ನು ತೆಗೆದುಕೊಂಡು ಹೊರಗೆ ಹೋದಳು.

"… ಅಳಬ್ಯಾಡ್ರಿ. ಕನಕರಾಜ ನೋಡಿದ್ರ ಕಂಪ್ಲಿ ತುಂಬ ಸುದ್ದಿ. … ಆತು, ನನ್ನ ಮಾತು ಕೇಳ್ರೀಗ. ಮುಂದಿನ ತಿಂಗಳಿಂದ ನೂರೈವತ್ತೂ ನನಗೇ ಹಾಕ್ರಿ. ಆ ಶರಬತ್ ಅಂಗಡಿ ಬ್ಯಾಡ, ಆ್ಯಪಿನ್ಯಾಗ ಹಾಕ್ರಿ. … ಬರಲ್ಲ ಅಂದ್ರ ಕಲೀರಿ. ಅಷ್ಟು ದೊಡ್ಡ ಹಿಟಾಚಿ ಓಡಸ್ತೀರಿ, ಒಂದು ಬಟನ್ ಒತ್ತಾಕ ಏನು?"

"… ಬಂಡ್ರಿಗೆ ನಾನು ಹಾಕ್ತೀನಿ. … ಹೌದು, ನಾನೇ. ಇಲ್ಲಿಂದ ಅಲ್ಲಿಗೆ ಫೋನಿನ್ಯಾಗ ಹಾಕಿದ್ರ ಒಂದು ಪೈಸಾ ಚಾರ್ಜಿಲ್ಲ. ನಿಮ್ಮ ನಾಲ್ಕು ಸಾವಿರ, ನನ್ನ ಪಗಾರದ್ದು ಐನೂರು. … ನಿಮ್ಮ ಹೆಸರಿನ್ಯಾಗ ಯಾಕ ಹಾಕ್ಲಿ? ನನ್ನ ಹೆಸರಿನ್ಯಾಗೇ ಹೋಗ್ತತಿ. ತಿಂಗಳಾ ತಿಂಗಳಾ ಐದನೇ ತಾರೀಕು ಅಕಿ ಫೋನ್ ಟಣ್ ಅಂದಾಗ ರೇಣುಕಾದೇವಿ ಅಂತ ಬರ್ಲಿ. ಆ ಐನೂರು ಹಾಸಿಗಿ ಮಡಿಚಿದ ರೊಕ್ಕ ಅಂತ ಹೇಳೇ ಹಾಕ್ತೀನಿ."

"… ಸೇಡಲ್ಲ. … ಅಲ್ಲಂದೆ. … ಹೂಂ, ಸ್ವಲ್ಪ ಐತಿ. ಅಷ್ಟೂ ಬ್ಯಾಡಾ ನನಗ?"

"… ಅಣ್ಣಗ ಆ ಪ್ಲಾಸ್ಟಿಕ್ ಕಾಲು ಹಾಕ್ತಾರಂತಲ್ಲ, ಅದನ್ನ ಯಾರರ ವಿಚಾರ್ಸೀರಾ? … ಇಲ್ಲಾ? ರೊಕ್ಕ ಹಾಕಿದ್ರ ಆತು ಅನ್ಕೊಂಡ್ರಿ. ನಾಳಿ ನನಗ ರಜಾ ಐತಿ. ನಾನೇ ಹೋಗ್ತೀನಿ. … ಬ್ಯಾಡ, ನೀವು ಮೊದಲೇ ಹೇಳಬ್ಯಾಡ್ರಿ. ಹೇಳಿದ್ರ ಅಕಿ ಬೀಗ ಹಾಕ್ಕೊಂಡು ಹೊಲಕ್ಕ ಹೋಗ್ತಾಳ. ಅಕಿ ನಂಬರ್ ಕೊಡ್ರಿ, ಬಸ್ ಇಳಿದು ನಾನೇ ಮಾಡ್ತೀನಿ. ನನ್ನ ಫೋನಿನ್ಯಾಗಿಂದ ಆ ಮದುವಿ ದಿನಾನೇ ಅಳಿಸಿ ಹಾಕೀನಿ."

"… ಎರಡೆರಡೇ ಹೇಳ್ರಿ, ಸದ್ದು ಭಾಳ ಐತಿ. … ತೊಂಬತ್ತೆಂಟು. … ಹಾಂ. … ಹಾಂ, ಮುಂದ? … ಅದು ಆರಾ, ಮೂರಾ? … ಆರು. ಎಂಟಾದವು. ಕೊನೇವೆರಡು? … ಹಲೋ? … ಕೊನೇವೆರಡು ಹೇಳ್ರಿ… ಹಲೋ… ಕೇಳ್ತತಾ… ಹಲೋ…"

ಲೈನು ಕಟ್ಟಾಗಿತ್ತು.

ರೇಣುಕಾದೇವಿ ಫೋನನ್ನು ಮೇಜಿನ ಮೇಲಿಟ್ಟಳು. ರಿಜಿಸ್ಟರಿನಲ್ಲಿ ಎಂಟು ಅಂಕಿಗಳಿದ್ದವು. ಪೆನ್ನು ಅವುಗಳ ಮುಂದೆ ಒಂದು ಗಳಿಗೆ ನಿಂತಿತು. ಆಮೇಲೆ, ಫೋನು ಮತ್ತೆ ಬರಲಿ ಎಂದು ಕಾಯದೆ, ಉಳಿದೆರಡನ್ನೂ ಅವಳೇ ನೆನಪಿನಿಂದ ಬರೆದಳು.