ಗಾಡಿ ಮೂತಿಯ ರಬ್ಬರು

ವೇದಿಕೆ ಮೇಲಿರೋ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಗಡಿಯಾರ ನೋಡ್ತಿರೋ ದೊಡ್ಡ ಸಾಹೇಬ್ರೇ, ಟೀ ಮೊದಲು ಸಿಗಲಿ ಅಂತ ಬಾಗಿಲ ಹತ್ರಾನೇ ಜಾಗ ಹಿಡಿದಿರೋ ಜಾಣ ಸಭಿಕರೇ,

ಸುರಕ್ಷತಾ ದಿನದಲ್ಲಿ ಡ್ರೈವರ್ ಕೈಗೆ ಮೈಕ್ ಕೊಟ್ಟಿದ್ದೀರಿ. ಇವತ್ತಿನ ಮೊದಲನೇ ಅಪಘಾತ ಇದೇ. ನಾನು ಓದಿದ್ದು ಆರನೇ ಕ್ಲಾಸು. ಏಳಕ್ಕೂ ಹೋಗಿದ್ದೆ, ಮೇಷ್ಟ್ರು ವಾಪಸ್ ಕಳಿಸಿದ್ರು. ಆಫೀಸಿನವರು ಬರೆದುಕೊಟ್ಟ ಭಾಷಣ ಜೇಬಲ್ಲಿದೆ. ಚೆನ್ನಾಗಿದೆ, ಅಲ್ಲೇ ಇರಲಿ.

ಇಪ್ಪತ್ತು ವರ್ಷ ಮಿಲಿಟರಿ ಲೋಡರ್ ಓಡಿಸಿ ಒಂದು ವಿಮಾನಕ್ಕೂ ಗೀರು ಮಾಡಿಲ್ಲ ಅಂತ ನನಗೆ ಸನ್ಮಾನ. ಗಾಡಿ ಮನೆಯಷ್ಟು ಉದ್ದ. ಬೆನ್ನ ಮೇಲಿನ ಅಟ್ಟ ಏರುತ್ತೆ, ಇಳಿಯುತ್ತೆ. ಹತ್ತು ಟನ್ ಸಾಮಾನು ಹೊತ್ತು ಅದು ವಿಮಾನದ ಬಾಗಿಲಿಗೆ ಹೋಗಿ ಕೂಡಬೇಕು. ವಿಮಾನ ನೋಡೋಕೆ ಆನೆ, ಮೈ ಮಾತ್ರ ಡಬ್ಬದ ತಗಡು.

ಸುರಕ್ಷಿತವಾಗಿ ಓಡಿಸೋದು ಹೇಗೆ ಅಂತೀರಾ? ಬಹಳ ಸುಲಭ. ಕೆಳಗೆ ನಿಂತಿರೋ ಸನ್ನೆಗಾರನ್ನ ನೋಡ್ತಿರಬೇಕು. ಅವನು ಕಾಣದಿದ್ರೆ ಬ್ರೇಕು. ಅವನು ತಲೆ ಮೇಲೆ ಕೈ ಕತ್ತರಿ ಮಾಡಿದ್ರೆ ಬ್ರೇಕು. ಪಕ್ಕದಲ್ಲಿ ಸಾಹೇಬ್ರು ಕೂಗಿದ್ರೆ? ಅದು ಪುಸ್ತಕದಲ್ಲಿಲ್ಲ.

ನನ್ನ ಸನ್ನೆಗಾರ ನಮ್ಮಕ್ಕನ ಗಂಡ. ಭಾವ ಇವತ್ತು ನಿವೃತ್ತಿ ಆಗ್ತಿದಾನೆ. ಹೊಸ ಡ್ರೈವರುಗಳಿಗೆ ಪಾಠ ಹೇಳೋ ಕೆಲಸ ಸಿಗಲಿ ಅಂತ ಅವನ ಆಸೆ. ಟೀ ಆದ ಮೇಲೆ ಕಮಿಟಿ ಕೂರುತ್ತೆ. ಆದ್ರೆ ಮೂರು ತಿಂಗಳ ಹಿಂದಿನ ಒಂದು ಕಾಗದ ಅವನ ಫೈಲಲ್ಲಿದೆ. ಅದಿರೋವರೆಗೂ ಅವನಿಗೆ ಯಾರೂ ಕುರ್ಚಿ ಹಾಕಲ್ಲ. ಅಕ್ಕ ಆವತ್ತಿಂದ ನನಗೆ ಊಟ ಬಡಿಸ್ತಾಳೆ, ಮಾತು ಬಡಿಸಲ್ಲ.

ಏನಾಯ್ತು ಅಂದ್ರೆ, ಆವತ್ತು ದೊಡ್ಡೋರು ನೋಡೋಕೆ ಬರ್ತಿದ್ರು. ನಮ್ಮಲ್ಲಿ ದೊಡ್ಡೋರು ಬಂದ್ರೆ ಕೆಲಸ ಆಗಲ್ಲ, ಪೇಂಟ್ ಆಗುತ್ತೆ. ಕಲ್ಲಿಗೆ ಪೇಂಟು, ಕಂಬಕ್ಕೆ ಪೇಂಟು. ಸುಮ್ಮನೆ ನಿಂತಿದ್ರೆ ನನಗೂ ಒಂದು ಕೋಟ್ ಹೊಡೀತಿದ್ರು. ಅಟ್ಟದ ಮೂತಿಗೆ ದಪ್ಪ ರಬ್ಬರ್ ಇರುತ್ತೆ. ವಿಮಾನಕ್ಕೆ ಅದು ಮೆತ್ತಗೆ ತಾಗಿದ್ರೆ ನಿಲ್ಲಿಸಬೇಕು ಅಂತ ನನ್ನ ಕಾಲಿಗೆ ಅಭ್ಯಾಸ. ಆ ರಬ್ಬರು ಹರಿದು ಕಪ್ಪಾಗಿತ್ತು. ಫೋಟೋದಲ್ಲಿ ಅಸಹ್ಯ ಕಾಣುತ್ತೆ, ಬಿಚ್ಚಿ ಅಂದ್ರು. ಬಿಚ್ಚಿ, ಬರೀ ಕಬ್ಬಿಣಕ್ಕೆ ಕೆಂಪು ಬಣ್ಣ ಹೊಡೆದ್ರು. ಗಾಡಿ ಮದುಮಗಳ ಹಾಗೆ ಕಾಣ್ತಿತ್ತು.

ಭಾವನಿಗೆ ಯಾರೂ ಹೇಳಲಿಲ್ಲ. ವಿಮಾನ ಎರಡಡಿ ದೂರ ಇದ್ದಾಗ ಮೂತಿ ನೋಡಿದ. ಕೈ ಕತ್ತರಿ ಮಾಡಿದ. ನಾನು ನಿಲ್ಲಿಸಿದೆ. ಪಕ್ಕದಲ್ಲಿದ್ದ ಸಾಹೇಬ್ರು ಕ್ಯಾಮೆರಾ ಕಾಯ್ತಿದೆ, ನಡಿ ನಡಿ ಅಂದ್ರು. ಇಪ್ಪತ್ತು ವರ್ಷದ ಅನುಭವಿ ಏನು ಮಾಡಿದ? ಕೈ ಕತ್ತರಿ ಇನ್ನೂ ಮೇಲಿರೋವಾಗಲೇ ಬ್ರೇಕ್ ಬಿಟ್ಟ.

ಭಾವ ಬಂದು ಅಟ್ಟಕ್ಕೂ ವಿಮಾನಕ್ಕೂ ನಡುವೆ ನಿಂತ. ಕಬ್ಬಿಣ ಅವನ ಅಂಗಿ ಗುಂಡಿಗೆ ತಾಗಿ ನಿಂತಿತು. ಅವನು ಬಯ್ಯಲಿಲ್ಲ. ಒಂದೇ ಮಾತು ಕೇಳಿದ.

"ನಾನು ಕಾಣಿಸ್ತಿದ್ನೇನೋ?"

ಸಂಜೆ ಕಾಗದ ಬಂತು. ಸನ್ನೆಗಾರ ನಿಯಮ ಮೀರಿ ವಾಹನಕ್ಕೂ ವಿಮಾನಕ್ಕೂ ನಡುವೆ ನಿಂತ ಅಂತ. ಸುಳ್ಳಲ್ಲ, ನಿಂತಿದ್ದು ನಿಜ. ರಬ್ಬರಿನ ಮಾತಿಲ್ಲ, ಕೈ ಕತ್ತರಿ ಮಾತಿಲ್ಲ. ಕೆಳಗೆ ಸಾಕ್ಷಿ ಸಹಿ ನಂದು. ಓದು ಬರದೋನು, ನೋಡದೆ ಹಾಕಿದೆ ಅಂತ ಅಕ್ಕನಿಗೆ ಹೇಳಿದ್ದೆ. ಎರಡು ಸಲ ಓದಿ ಹಾಕಿದೆ, ಸಭಿಕರೇ. ಮತ್ತೆ, ಬಿಚ್ಚಿದ್ರು ಅಂದೆನಲ್ಲ, ಆ ಸ್ಪ್ಯಾನರ್ ಹಿಡಿದಿದ್ದ ಕೈಯೂ ಇದೇ.

ನಿನ್ನೆ ಇನ್ನೊಂದು ಕಾಗದ ಬರೆದೆ. ಕಾಗುಣಿತ ತಪ್ಪಿರಬಹುದು, ಮಿಕ್ಕಿದ್ದೆಲ್ಲ ಸರಿಯಿದೆ. ಇಗೋ ಅಧ್ಯಕ್ಷರೇ, ಕಮಿಟಿ ಕೂರೋ ಮುಂಚೆ ನೀವು ಓದಬೇಕು. ನಿಧಾನವಾಗಿ ಓದಿ, ನನಗೆ ಅವಸರ ಇಲ್ಲ. ಓದಿ ಮುಗಿಸೋವರೆಗೂ ಇಲ್ಲೇ ನಿಂತಿರ್ತೀನಿ. ಭಾವ, ನೀನು ಯಾಕೆ ಎದ್ದೆ? ಕೂತ್ಕೋ.

ಇಷ್ಟು ಹೊತ್ತು ಮೈಕ್ ಆಫ್ ಮಾಡದೆ ಇದ್ದ ಕರೆಂಟಿನವನಿಗೂ ನಿಮಗೆಲ್ಲರಿಗೂ ದೊಡ್ಡ ಥ್ಯಾಂಕ್ಸು. ನಮಸ್ಕಾರ.