ತುಟಿ ಅಲ್ಲಾಡಿಸಬಾರದು

ಅಧ್ಯಕ್ಷಸ್ಥಾನದಲ್ಲಿರುವ, ನಾವೆಲ್ಲ ದೊಡ್ಡ ಡಾಕ್ಟರಮ್ಮ ಎಂದೇ ಕರೆಯುವ ನಮ್ಮ ಸಂಶೋಧನಾ ವಿಭಾಗದ ಮುಖ್ಯಸ್ಥರೇ, ವೇದಿಕೆಯ ಮೇಲಿನ ಗಣ್ಯರೇ, ರಕ್ತಪರೀಕ್ಷೆಯ ಪ್ರಯೋಗಾಲಯದ ಗೆಳೆಯರೇ, ವರ್ಷಕ್ಕೊಮ್ಮೆ ತಪ್ಪದೆ ಬಂದು ನನ್ನೆದುರು ತೋಳು ಚಾಚಿದ ತಾಯಂದಿರೇ, ಅಕ್ಕತಂಗಿಯರೇ, ಹಿಂದಿನ ಬಾಗಿಲ ಆಚೆ ಕಾಫಿ ಬಂದಿರುವುದು ಗೊತ್ತಿದ್ದೂ ಕದಲದೆ ಕುಳಿತಿರುವ ಸಭಿಕರೇ,

ಮೊದಲು ಒಂದು ಕ್ಷಮೆ ಕೇಳಿಬಿಡುತ್ತೇನೆ. ಮಾತಿನ ನಡುವೆ ನಾನು ಕೈಗಡಿಯಾರ ನೋಡುತ್ತಿರುತ್ತೇನೆ. ನಿಮಗೆ ಬೇಸರವಾಯಿತೇ ಎಂದು ನೋಡುವುದಕ್ಕಲ್ಲ. ಬೇಸರವಾಗಿದ್ದರೆ ನಿಮ್ಮ ಮುಖಗಳೇ ಹೇಳುತ್ತವೆ. ನನಗೆ ಇವತ್ತು ಇಪ್ಪತ್ತು ನಿಮಿಷ ಬೇಕು. ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ನನ್ನನ್ನು ಪರಿಚಯಿಸಿದವರು ಅದರಲ್ಲಿ ಆರು ನಿಮಿಷ ತಿಂದುಬಿಟ್ಟರು. ಅಷ್ಟು ಹೊಗಳಿಕೆಗೆ ನಾನು ಯೋಗ್ಯಳಲ್ಲ, ಆದರೆ ಸಮಯ ಕಳೆದುಕೊಟ್ಟದ್ದಕ್ಕೆ ಅವರಿಗೆ ಋಣಿ. ಇಪ್ಪತ್ತು ನಿಮಿಷ ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮರೆತರೆ ನೆನಪಿಸಿ.

ನಕ್ಕಿರಿ. ನಗಿ, ಪರವಾಗಿಲ್ಲ. ಬೀಳ್ಕೊಡುಗೆಯ ದಿನ ಮರೆವಿನ ಮೇಲೆ ಒಂದು ಹಾಸ್ಯ ಇರಲೇಬೇಕು.

ನಾನು ಈ ಸಂಸ್ಥೆಯಲ್ಲಿ ಮಾಡಿದ ಕೆಲಸ ಬಹಳ ಸಣ್ಣದು. ನಲವತ್ತು ದಾಟಿದ ಹೆಂಗಸರು ವರ್ಷಕ್ಕೊಮ್ಮೆ ಬರುತ್ತಿದ್ದರು. ಅವರ ತೋಳಿನಿಂದ ಎರಡು ಸಣ್ಣ ಕೊಳವೆ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ಮೊದಲ ಕೆಲಸ. ಆಮೇಲೆ ಎದುರು ಕೂರಿಸಿಕೊಂಡು ಹತ್ತು ಪದ ಹೇಳುವುದು. ಕೊಡೆ, ನದಿ, ಕುರ್ಚಿ, ಕುದುರೆ, ಗಂಟೆ, ಹುಲ್ಲು, ಕನ್ನಡಿ, ಚಮಚ, ಸೇತುವೆ, ಹತ್ತಿ. ಇಷ್ಟೇ. ಇಪ್ಪತ್ತು ನಿಮಿಷ ಅವರ ಜೊತೆ ಬೇರೇನಾದರೂ ಮಾತನಾಡುವುದು. ಆಮೇಲೆ, "ಆಗ ಹೇಳಿದ ಹತ್ತು ಪದ ಹೇಳಿ ನೋಡೋಣ" ಎನ್ನುವುದು. ಆರಕ್ಕಿಂತ ಕಡಿಮೆ ಹೇಳಿದರೆ ಅವರ ಕಡತಕ್ಕೆ ಒಂದು ಕೆಂಪು ಚೀಟಿ ಅಂಟಿಸುವುದು. ಕೆಂಪು ಚೀಟಿ ಬಿದ್ದವರನ್ನು ಡಾಕ್ಟರು ಕರೆಸಿ ಕೂಲಂಕಷವಾಗಿ ನೋಡುತ್ತಿದ್ದರು. ಇಪ್ಪತ್ತಮೂರು ವರ್ಷ ಇದನ್ನೇ ಮಾಡಿದೆ. ಬಂದವರು ನನಗೆ 'ಹತ್ತು ಪದದಕ್ಕ' ಎಂದು ಹೆಸರಿಟ್ಟರು. ಬೀದಿಯಲ್ಲಿ ಸಿಕ್ಕರೆ, "ಅಕ್ಕಾ, ಕೊಡೆ, ನದಿ, ಕುರ್ಚಿ!" ಎಂದು ಕೂಗಿ ಹೋಗುತ್ತಿದ್ದರು.

ಈ ಕೆಲಸಕ್ಕೆ ಒಂದೇ ನಿಯಮ. ಉತ್ತರ ಕೇಳುವಾಗ ನಿಮ್ಮ ಮುಖ ಗೋಡೆಯಾಗಿರಬೇಕು. ತಲೆದೂಗಬಾರದು, ಹುಬ್ಬು ಏರಿಸಬಾರದು, ಎಲ್ಲಕ್ಕಿಂತ ಮುಖ್ಯವಾಗಿ ತುಟಿ ಅಲ್ಲಾಡಿಸಬಾರದು. ಸುಲಭ ಎಂದುಕೊಂಡಿರಾ? ಎದುರಿಗಿರುವವರು ಒಂದು ಪದಕ್ಕಾಗಿ ತಡಕಾಡುತ್ತಿರುವಾಗ ನಮ್ಮ ಬಾಯಿ ತನ್ನಷ್ಟಕ್ಕೆ ಆ ಪದದ ಆಕಾರಕ್ಕೆ ತಿರುಗುತ್ತದೆ. ಮಗುವಿಗೆ ತುತ್ತು ಕೊಡುವಾಗ ತಾಯಿಯೂ ಬಾಯಿ ತೆರೆಯುತ್ತಾಳಲ್ಲ, ಹಾಗೆ. ಇನ್ನೊಂದು ಸಂಗತಿ. ನೆನಪು ಗಟ್ಟಿಯಾಗಿರುವವರು ಉತ್ತರ ಹುಡುಕುವಾಗ ಛಾವಣಿ ನೋಡುತ್ತಾರೆ. ನೆನಪು ಜಾರುತ್ತಿರುವವರು ನಮ್ಮ ತುಟಿ ನೋಡುತ್ತಾರೆ. ಇದನ್ನು ಯಾವ ಡಾಕ್ಟರೂ ನನಗೆ ಕಲಿಸಿದ್ದಲ್ಲ.

ರಕ್ತ ಯಾಕೆ, ಪದ ಯಾಕೆ, ಎರಡಕ್ಕೂ ಏನು ಸಂಬಂಧ ಎಂದು ಹೊಸದಾಗಿ ಬಂದವರು ಕೇಳುತ್ತಿದ್ದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದರೆ ಡಾಕ್ಟರಮ್ಮ ತಿದ್ದಲಿ. ಮುಟ್ಟು, ಬಸಿರು, ಹೆರಿಗೆ ಇವನ್ನು ನಡೆಸುವ ಹಾರ್ಮೋನುಗಳು ಅಷ್ಟಕ್ಕೇ ಸೀಮಿತವಲ್ಲ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಮೆದುಳಿನ ತನಕ ಹೋಗುತ್ತದೆ, ನೆನಪಿನ ಜಾಗದಲ್ಲಿ ಕೆಲಸ ಮಾಡುತ್ತದೆ. ಮುಟ್ಟು ನಿಂತಾಗ ಅದು ಇಳಿಯುತ್ತದೆ. ಆಗ ತಲೆಯೊಳಗಿನ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ, "ಎಲ್ಲಿ? ಯಾಕೆ ಬರಲಿಲ್ಲ?" ಎಂದು ತನ್ನ ಹಾರ್ಮೋನುಗಳನ್ನು ಇನ್ನೂ ಹೆಚ್ಚಾಗಿ ಸುರಿಸಿ ಅಂಡಾಶಯವನ್ನು ಕರೆಯುತ್ತದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಕರೆಯುತ್ತದೆ. ಮನೆ ಬಿಟ್ಟು ಹೋದ ಮಗಳನ್ನು ಬಾಗಿಲಲ್ಲಿ ನಿಂತು ವರ್ಷಗಟ್ಟಲೆ ಕರೆಯುವ ತಾಯಿಯ ಹಾಗೆ. ಆ ಕೂಗೇ ಮುಪ್ಪನ್ನು ದೂಡಿಕೊಂಡು ಬರುತ್ತದೆ, ಮೆದುಳಿನ ಜೀವಕೋಶಗಳನ್ನು ಕೆಡಿಸಿ ಆಲ್‌ಝೈಮರ್ ಕಾಯಿಲೆಗೆ ದಾರಿ ಮಾಡುತ್ತದೆ ಎಂದು ಕೆಲವು ವಿಜ್ಞಾನಿಗಳ ಊಹೆ. ಊಹೆ ಎಂದೆ, ಗಮನಿಸಿ. ಮುಟ್ಟು ನಿಂತವರಿಗೆಲ್ಲ ಮರೆವಿನ ಕಾಯಿಲೆ ಬರುವುದಿಲ್ಲ. ಹಾಗಿದ್ದರೆ ಈ ಸಭೆಯಲ್ಲಿ ಅರ್ಧ ಜನ ಮನೆಗೆ ದಾರಿ ಕೇಳಬೇಕಾಗುತ್ತಿತ್ತು.

ಆದರೆ ಸಣ್ಣ ವಯಸ್ಸಿನಲ್ಲೇ ಅಂಡಾಶಯ ತೆಗೆಸಿಕೊಂಡು, ಬದಲಿ ಹಾರ್ಮೋನಿನ ಔಷಧವನ್ನೂ ತೆಗೆದುಕೊಳ್ಳದವರಿಗೆ ಅಪಾಯ ಸ್ವಲ್ಪ ಹೆಚ್ಚಿರಬಹುದೇ? ನಮ್ಮ ಅಧ್ಯಯನ ಕೇಳಿದ ದೊಡ್ಡ ಪ್ರಶ್ನೆ ಇದು. ಅಂಥವರು ನಮ್ಮಲ್ಲಿ ಐವತ್ತೆರಡು ಮಂದಿ ಇದ್ದರು. ಅವರಲ್ಲಿ ಹದಿನೇಳನೇ ಸಂಖ್ಯೆಯವಳು ನನ್ನ ಅಕ್ಕ.

ಹನ್ನೊಂದು ನಿಮಿಷ ಆಯಿತು.

ಡಾಕ್ಟರಮ್ಮ ನನ್ನತ್ತ ತಿರುಗಿದರು. ಹೌದು ಡಾಕ್ಟರಮ್ಮ, ಹದಿನೇಳು. ಸಂಬಂಧಿಕರನ್ನು ನಾವೇ ಪರೀಕ್ಷಿಸುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ಕಡತದಲ್ಲಿ ಸಂಖ್ಯೆ ಇರುತ್ತದೆ, ನಂಟು ಇರುವುದಿಲ್ಲ. ನಾನೂ ಹೇಳಲಿಲ್ಲ.

ಅಕ್ಕನಿಗೆ ಮೂವತ್ತೇಳರಲ್ಲಿ ಗರ್ಭಕೋಶದಲ್ಲಿ ಗೆಡ್ಡೆಯಾಯಿತು. ಆಪರೇಷನ್ ಮಾಡಿದವರು, "ಮಕ್ಕಳಾಗಿವೆ, ಇನ್ನು ಅಂಡಾಶಯಕ್ಕೇನು ಕೆಲಸ? ಒಟ್ಟಿಗೇ ತೆಗೆದುಬಿಡೋಣ" ಎಂದರು. ಮನೆಯವರೂ ಹೂಂ ಎಂದರು. ಕೆಲವು ವರ್ಷಗಳ ನಂತರ, ನಲವತ್ತನೇ ವಯಸ್ಸಿನಲ್ಲಿ, ನನಗೂ ಅದೇ ಗೆಡ್ಡೆ, ಅದೇ ಮಾತು. ಆಗ ಅಕ್ಕನೇ ಮಂಚದ ಪಕ್ಕ ಕುಳಿತು, "ಹೆದರಬೇಡ ಕಣೇ, ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ ನೋಡು" ಎಂದಿದ್ದಳು. ನಾನು ನೋಡಿದೆ. ನಿಜವಾಗಿಯೂ ಗುಂಡುಕಲ್ಲಿನ ಹಾಗೇ ಇದ್ದಳು. ಸಹಿ ಹಾಕಿದೆ.

ಅಂದಿನಿಂದ ಅಕ್ಕ ನನಗೆ ಮುಂದೆ ನಡೆಯುವ ದೀಪವಾದಳು. ನನಗಿಂತ ಆರು ವರ್ಷ ದೊಡ್ಡವಳು. ಅವಳಿಗೆ ಏನಾಗುತ್ತದೋ ಅದು ಆರು ವರ್ಷದ ನಂತರ ನನಗೆ ಎಂದು ಲೆಕ್ಕ ಹಾಕಿಕೊಂಡೆ. ಪ್ರತಿ ವರ್ಷ ನನ್ನೆದುರು ಕುಳಿತು ಛಾವಣಿ ನೋಡಿ ಒಂಬತ್ತು ಪದ ಹೇಳುತ್ತಿದ್ದಳು. 'ಹತ್ತಿ' ಮಾತ್ರ ಯಾವಾಗಲೂ ಮರೆಯುತ್ತಿದ್ದಳು. "ಅದೊಂದು ನಿನ್ನ ಹತ್ತಿರವೇ ಇರಲಿ" ಎಂದು ನಗುತ್ತಿದ್ದಳು.

ಐವತ್ತೊಂಬತ್ತನೇ ವಯಸ್ಸಿನಲ್ಲಿ ಬಂದಾಗ ಕೊಡೆ, ನದಿ ಎಂದಳು. ಕುದುರೆ ಎಂದಳು. ಆಮೇಲೆ ಕೊಡೆ ಎಂದಳು. ಕಿಟಕಿ ತೆರೆದಿತ್ತು, ಹೊರಗೆ ಯಾರೋ ವಾಹನ ಹಿಂದಕ್ಕೆ ತೆಗೆಯುತ್ತಿದ್ದರು. ಅಕ್ಕನ ಕಣ್ಣು ನಿಧಾನವಾಗಿ ಛಾವಣಿಯಿಂದ ಇಳಿದು ನನ್ನ ತುಟಿಯ ಮೇಲೆ ನಿಂತಿತು.

ನಾನು ತುಟಿ ಅಲ್ಲಾಡಿಸಿದೆ.

ಸದ್ದಿಲ್ಲದೆ ಗಂಟೆ ಎಂದೆ. ಅವಳು "ಗಂಟೆ" ಎಂದಳು. ಹುಲ್ಲು ಎಂದೆ. ಅವಳು "ಹುಲ್ಲು" ಎಂದಳು. ಹೀಗೆ ಒಂಬತ್ತರ ತನಕ ನಡೆಸಿಕೊಂಡು ಹೋದೆ. 'ಹತ್ತಿ'ಯನ್ನು ಮಾತ್ರ ಹೇಳಿಕೊಡಲಿಲ್ಲ, ಅನುಮಾನ ಬಾರದಿರಲಿ ಎಂದು. ಕಳ್ಳತನದಲ್ಲೂ ಎಷ್ಟು ಅಚ್ಚುಕಟ್ಟು ನೋಡಿ! ಮೂರು ವರ್ಷ ಹೀಗೆ ಮಾಡಿದೆ. ಕೆಂಪು ಚೀಟಿ ಬೀಳಲಿಲ್ಲ. ನಾಲ್ಕನೇ ವರ್ಷ ಅಕ್ಕ ತನ್ನ ಮನೆಯ ಬಾಗಿಲ ಮುಂದೆ ಕೀಲಿಕೈ ಹಿಡಿದು ಎರಡು ತಾಸು ನಿಂತಿದ್ದಳು. ಪಕ್ಕದ ಮನೆಯವರು ಕೇಳಿದರೆ, "ಈ ಮನೆಯವರು ಯಾವಾಗ ಬರ್ತಾರೋ, ಕಾಯ್ತಿದ್ದೀನಿ" ಎಂದಳಂತೆ.

ಅಕ್ಕನ ಮೇಲಿನ ಪ್ರೀತಿಗೆ ಹೀಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇವತ್ತು ಈ ಮೈಕಿನ ಮುಂದೆ ನಿಂತು ಹೇಗೆ ಸುಳ್ಳು ಹೇಳಲಿ? ನಾನು ಹೆದರಿದ್ದೆ. ಅವಳ ಕಡತಕ್ಕೆ ಕೆಂಪು ಚೀಟಿ ಬಿದ್ದರೆ ಆರು ವರ್ಷದ ನಂತರ ನನ್ನ ಸರದಿ ಎಂದು ಹೆದರಿದ್ದೆ. ಅವಳ ಬಾಯಲ್ಲಿ ಪದ ತುಂಬಿಸಿ ನಾನು ರಾತ್ರಿ ನಿದ್ದೆ ಮಾಡಿದೆ.

ಮೊದಲೇ ಗೊತ್ತಾಗಿದ್ದರೂ ಕಾಯಿಲೆ ನಿಲ್ಲುತ್ತಿರಲಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಇರಬಹುದು. ಆದರೆ ಆ ಮೂರು ವರ್ಷಗಳಲ್ಲಿ ಅಕ್ಕನಿಗೆ ಮಾತು ಇತ್ತು, ಬುದ್ಧಿ ಇತ್ತು. ಗೊತ್ತಿದ್ದರೆ ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು. ಆ ಮಗಳು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಈಗ ತಾಯಿಗೆ ಊಟ ಮಾಡಿಸುವವಳು, ಸ್ನಾನ ಮಾಡಿಸುವವಳು ಅವಳೇ. ಮಗಳೇ, ಇದನ್ನು ನೀನು ಮೊದಲ ಸಲ ಕೇಳುತ್ತಿದ್ದೀಯ. ಮನೆಯಲ್ಲಿ ಹೇಳಬೇಕಿತ್ತು. ಮನೆಯಲ್ಲಿ ನಿನ್ನ ಮುಖ ನೋಡಿದರೆ ನನಗೆ ಬಾಯಿ ಬರುತ್ತಿರಲಿಲ್ಲ.

ಹದಿನಾರು ನಿಮಿಷ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಈ ವರ್ಷವೆಲ್ಲ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಎರಡು ತಿಂಗಳ ಹಿಂದೆ ಒಬ್ಬ ಹೊಲಿಗೆಯಮ್ಮನಿಗೆ ಹತ್ತು ಪದ ಓದಿದೆ. ಓದಿ ಮುಗಿಸಿ, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಮೊದಲಿನಿಂದ ಓದತೊಡಗಿದೆ. ಅವರು ನನ್ನ ಕೈ ಹಿಡಿದು, "ಅಕ್ಕಾ, ಈಗ ತಾನೇ ಹೇಳಿದ್ರಲ್ಲ" ಎಂದರು. ಮೊದಲ ಸಲ ಓದಿದ್ದು ನನಗೆ ನೆನಪೇ ಇರಲಿಲ್ಲ.

ನೇರ ಡಾಕ್ಟರಮ್ಮನ ಕೋಣೆಗೆ ಹೋದೆ. ಅವರು ಕೈಲಿದ್ದ ಕೆಲಸ ಬಿಟ್ಟು ನನ್ನನ್ನು ಕೂರಿಸಿ ಪರೀಕ್ಷೆ ಮಾಡಿದರು. ಯಾವ ಪರೀಕ್ಷೆ? ನಮ್ಮದೇ ಹತ್ತು ಪದ! ಇಪ್ಪತ್ತು ನಿಮಿಷ ಬಿಟ್ಟು ಕೇಳಿದರು. ನಾನು ಉಸಿರು ಬಿಡದೆ ಒಪ್ಪಿಸಿದೆ. "ಹತ್ತಕ್ಕೆ ಹತ್ತು! ನಿಮಗೇನೂ ಆಗಿಲ್ಲ. ಸುಮ್ಮನೆ ಹೆದರ್ತೀರಿ" ಎಂದು ಬೆನ್ನು ತಟ್ಟಿದರು. ನಮ್ಮ ವಿಭಾಗದವರೆಲ್ಲ ಸಂತೋಷಪಟ್ಟರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಇಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ! ಇಪ್ಪತ್ತಮೂರು ವರ್ಷ ಬಾಯಿಪಾಠ ಮಾಡಿದವಳಿಗೆ ಅದೇ ಪಾಠ ಕೊಟ್ಟರೆ ಗಿಣಿಯೂ ಪಾಸಾಗುತ್ತದೆ. ನನ್ನ ಹೆಸರು ಮರೆತ ದಿನವೂ ನಾನು ಕೊಡೆ, ನದಿ, ಕುರ್ಚಿ ಎನ್ನುತ್ತಿರುತ್ತೇನೆ. ನನಗೆ ಹೊಳೆದಿತ್ತು. ಆದರೂ ಹತ್ತು ಅಂಕ ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಮನೆಗೆ ಹೋದೆ. ಈ ಸಲ ನನ್ನ ತುಟಿಯನ್ನು ನನಗೇ ಅಲ್ಲಾಡಿಸಿಕೊಂಡೆ.

ಈಗ ಇಪ್ಪತ್ತು ನಿಮಿಷದ ವಿಷಯ. ಮರೆತಿಲ್ಲ ನೋಡಿ. ನನ್ನನ್ನು ವೇದಿಕೆಗೆ ಕರೆಯುವ ಸ್ವಲ್ಪ ಮೊದಲು ಅಕ್ಕನ ಮಗಳು ನನ್ನ ಕಿವಿಯಲ್ಲಿ ಹತ್ತು ಹೊಸ ಪದ ಹೇಳಿದಳು. ನಾನೇ ಕೇಳಿಕೊಂಡಿದ್ದೆ. "ನನಗೆ ಗೊತ್ತಿಲ್ಲದ ಪಟ್ಟಿ ಮಾಡು, ಒಂದೇ ಸಲ ಓದು" ಎಂದಿದ್ದೆ. "ಇದೆಲ್ಲ ಯಾಕೆ ಚಿಕ್ಕಮ್ಮ, ಇವತ್ತಾದ್ರೂ ಹಾಯಾಗಿರಿ" ಎಂದಳು. ಚೀಟಿ ಅವಳ ಕೈಯಲ್ಲಿದೆ. ಇಷ್ಟು ಹೊತ್ತು ನಿಮ್ಮೊಂದಿಗೆ ಮಾತನಾಡಿದ್ದು ಭಾಷಣವೂ ಹೌದು, ಪರೀಕ್ಷೆಯ ನಡುವಿನ ಹರಟೆಯೂ ಹೌದು. ಒಬ್ಬಳೇ ಕೋಣೆಯಲ್ಲಿ ಕುಳಿತು ಮಾಡಿದರೆ ನಾನು ಮೋಸ ಮಾಡುತ್ತೇನೆ ಎಂದು ನನಗೆ ಗೊತ್ತು. ಮುನ್ನೂರು ಜನರೆದುರು ಮಾಡಲಾರೆ.

ಇಪ್ಪತ್ತು ನಿಮಿಷವಾಯಿತು.

ಏಣಿ. ಕತ್ತೆ. ಉಪ್ಪು. ಮೋಡ. ಕತ್ತೆಯ ನಂತರ... ಕನ್ನಡಿ. ಅಲ್ಲ, ಕನ್ನಡಿ ಹಳೆಯದು. ಅದು ಬೇಡ. ದಾರ. ಹೌದು, ದಾರ. ಏಣಿ... ಏಣಿ ಆಗಲೇ ಹೇಳಿದೆ.

ಸ್ವಲ್ಪ ತಾಳಿ.

ಛಾವಣಿಯಲ್ಲಿ ಏನೂ ಇಲ್ಲ.

ಬೇಡ ಮಗಳೇ. ಬೇಡ. ನಿನ್ನ ತುಟಿ ಕಾಣುತ್ತಿದೆ. ಅಷ್ಟೆಲ್ಲ ಕೇಳಿದ ಮೇಲೂ ನಿನ್ನ ತುಟಿ ಅಲ್ಲಾಡುತ್ತಿದೆಯಲ್ಲ, ತಾಯಿ! ತುಟಿ ಕೂಡಿಸಿ ಶುರುವಾಗುವ ಪದ ಅದು, ಅಷ್ಟು ನೋಡಿಬಿಟ್ಟೆ. ಇನ್ನು ನೋಡುವುದಿಲ್ಲ. ಕಣ್ಣು ಮುಚ್ಚಿಕೊಂಡಿದ್ದೇನೆ. ನೀನೂ ಬಾಯಿ ಮುಚ್ಚಿಕೋ.

ಐದು. ಡಾಕ್ಟರಮ್ಮ, ಐದು ಎಂದು ಬರೆದುಕೊಳ್ಳಿ, ನನ್ನ ಹೆಸರಿಗೊಂದು ಕೆಂಪು ಚೀಟಿ ಅಂಟಿಸಿ. ಹದಿನೇಳರ ಕಡತದಲ್ಲಿ ಮೂರು ವರ್ಷ ಒಂಬತ್ತು ಎಂದಿದೆ. ಅದನ್ನು ಮೂರು, ಮೂರು, ಎರಡು ಎಂದು ತಿದ್ದಿಸಿ, ನಿಜವಾಗಿ ಅವಳು ಹೇಳಿದ್ದು ಅಷ್ಟೇ. ಐವತ್ತೆರಡು ಮಂದಿಯ ಲೆಕ್ಕದಲ್ಲಿ ಒಂದು ಸುಳ್ಳು ಸಣ್ಣದಲ್ಲ. ಮುಂದೆ ಯಾರೋ ಒಬ್ಬ ಹೆಂಗಸು ಆಪರೇಷನ್ನಿಗೆ ಸಹಿ ಹಾಕುವ ಮೊದಲು ನಮ್ಮ ಲೆಕ್ಕ ನೋಡುತ್ತಾಳೆ. ನನಗೆ ಭಯವಾಗುತ್ತಿದೆ. ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ. ಆದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಕೋಣೆಯ ಹೊರಗೆ, ರಕ್ತ ಕೊಡುವವರ ಸಾಲಿನಲ್ಲಿ ಕುಳಿತಿರುತ್ತೇನೆ. ಸಂಜೆ ಇವಳನ್ನು ಹತ್ತಿರ ಕೂರಿಸಿಕೊಂಡು ಹೇಳಬೇಕಾದ್ದನ್ನೆಲ್ಲ ಹೇಳುತ್ತೇನೆ. ಅಕ್ಕನದನ್ನೂ, ನನಗೆ ನೆನಪಿರುವಷ್ಟು.

ಹೂಗುಚ್ಛ ಕೊಟ್ಟವರಿಗೆ, ಹೊಗಳಿದವರಿಗೆ, ನನ್ನ ಗೋಡೆಯಂಥ ಮುಖ ಸಹಿಸಿಕೊಂಡ ತಾಯಂದಿರಿಗೆ ಧನ್ಯವಾದ. ಕಾಫಿ ಆರಿಹೋಗಿದ್ದರೆ ತಪ್ಪು ನನ್ನದು. ಮುಂದಿನ ಸಾಲಿನವಳೇ, ಇಲ್ಲಿ ಮೂರು ಮೆಟ್ಟಿಲಿವೆ, ಬಂದು ಕೈ ಹಿಡಿ.

ಎಲ್ಲರಿಗೂ ನಮಸ್ಕಾರ.